ತಂತಿ ತಲುಪಿಸದ ಅಂಚೆಯವನು



ಹಂಗೇರಿಯ ಲೇಖಕ ಇಶ್ತ್ವಾನ್ ಓರ್ಕೇನಿಯವರ ಬದುಕು ಬರಹಗಳ ಈ ಪ್ರದರ್ಶನವನ್ನು ದುಬೈಯಲ್ಲಿ ಉದ್ಘಾಟಿಸಲು ಕನ್ನಡದ ಬಂಧುಗಳಾದ ನೀವು ನನ್ನನ್ನು ಕರೆದಿದ್ದೀರಿ. ಅವರು ಬರೆದಂಥ ಅಸಂಗತ ಸಾಹಿತ್ಯವೆಂದರೆ ಪಂಡಿತರ ಒಗಟು, ದುಡಿಯಲು ಬಂದ ನಮಗೆ ಅದೇಕೆ ಎಂದು ಕೆಲವರು ಕೇಳಿದರು. ಓರ್ಕೇನಿಯವರನ್ನು ಓದಿದ ಮೇಲೆ ಆ ಮಾತನ್ನು ನಾನು ಒಪ್ಪಲಾರೆ. ಅವರು ಬರೆದದ್ದು ತಮ್ಮ ಕಣ್ಣೆದುರು ನಡೆದದ್ದನ್ನೇ. ನಡೆದದ್ದೇ ಬುದ್ಧಿಗೆ ನಿಲುಕದಂತಿತ್ತು.

1912ರಲ್ಲಿ ಬುಡಾಪೆಸ್ಟ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಔಷಧದಂಗಡಿಯವರ ಮಗ. ತಾವೂ ಔಷಧಶಾಸ್ತ್ರ, ಆಮೇಲೆ ಕೆಮಿಕಲ್ ಎಂಜಿನಿಯರಿಂಗ್ ಓದಿದರು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಪಕ್ಷ ಹಿಡಿದ ಹಂಗೇರಿ ಸುಮಾರು 2 ಲಕ್ಷ ಮಂದಿಯ ಸೈನ್ಯವನ್ನು ರಷ್ಯಾದ ಡಾನ್ ನದಿಯ ದಂಡೆಗೆ ಕಳುಹಿಸಿತು. ಯಹೂದಿಯೆಂಬ ಕಾರಣಕ್ಕೆ ಓರ್ಕೇನಿಯವರನ್ನು ಕಡ್ಡಾಯ ದುಡಿಮೆಯ ದಳಕ್ಕೆ ದೂಡಿದರು. 1943ರ ಜನವರಿಯ ಹಿಮದಲ್ಲಿ ಆ ಸೈನ್ಯ ನುಚ್ಚುನೂರಾಯಿತು. ಸೆರೆಸಿಕ್ಕ ಅವರು ಸೋವಿಯತ್ ಶಿಬಿರಗಳಲ್ಲಿ ಬದುಕುಳಿದು ಊರಿಗೆ ಮರಳಿದ್ದು 1946ರಲ್ಲಿ. ಮುಂದೆ 1956ರಲ್ಲಿ ಹಂಗೇರಿಯಲ್ಲಿ ಸೋವಿಯತ್ ಹಿಡಿತದ ವಿರುದ್ಧ ಎದ್ದ ಬಂಡಾಯದ ಪರ ನಿಂತದ್ದಕ್ಕಾಗಿ ಹಲವು ವರ್ಷ ಅವರ ಬರಹ ಅಚ್ಚಾಗಲಿಲ್ಲ. ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡಿ ಹೊಟ್ಟೆ ಹೊರೆದರು, ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಅವರ 'ಒಂದು ನಿಮಿಷದ ಕಥೆಗಳು' ಔಷಧ ತೂಗುವ ತಕ್ಕಡಿಯಲ್ಲಿ ತೂಗಿದಂತಿವೆ. ಟ್ರಾಮ್ ಟಿಕೆಟ್ಟಿನ ಹಿಂಬದಿಯ ನಿಯಮಗಳೂ ಅಲ್ಲೊಂದು ಕಥೆ. ಇನ್ನೊಂದರಲ್ಲಿ ಸತ್ತ ಕುದುರೆಗೆ ಗುಂಡಿ ತೋಡುತ್ತಿರುವ ವಿದ್ವಾಂಸ ಕೈದಿ, ಕಾವಲಿಗೆ ನಿಂತ ಜರ್ಮನ್ ಸೈನಿಕನಿಗೆ ಒಬ್ಬೊಬ್ಬರಾಗಿ ಜರ್ಮನ್ ಕವಿಗಳ ಹೆಸರು ಹೇಳಿ ಗೊತ್ತೇ ಎಂದು ಕೇಳುತ್ತಾನೆ. ಸೈನಿಕನಿಗೆ ಯಾರೂ ಗೊತ್ತಿಲ್ಲ. ಮುಖ ಕೆಂಪೇರಿ ಗುಂಡು ಹಾರಿಸುತ್ತಾನೆ. ಅಷ್ಟೇ ಕಥೆ.

ಆದರೆ ಈ ಸಭೆಗೆ ನಾನು ವಿಸ್ತಾರವಾಗಿ ಹೇಳಬೇಕೆಂದಿರುವುದು ಅವರ 'ತೋತ್ ಕುಟುಂಬ' ಎಂಬ ಕೃತಿಯ ಬಗ್ಗೆ. ಬೆಟ್ಟದೂರಿನ ಅಗ್ನಿಶಾಮಕ ತೋತ್, ಅವನ ಹೆಂಡತಿ, ಮಗಳು. ಮಗ ಯುದ್ಧಭೂಮಿಯಲ್ಲಿದ್ದಾನೆ. ಅವನ ಮೇಲಧಿಕಾರಿ ಮೇಜರ್ ವಿಶ್ರಾಂತಿಗೆಂದು ಇವರ ಮನೆಗೆ ಬರುತ್ತಾನೆ. ಮೇಜರ್ ಸಂತೋಷವಾಗಿದ್ದರೆ ಮಗನಿಗೆ ಒಳ್ಳೆಯದಾದೀತು ಎಂಬ ಆಸೆಯಲ್ಲಿ ಮನೆಯವರು ಅವನು ಹೇಳಿದ್ದಕ್ಕೆಲ್ಲ ತಲೆಬಾಗುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟು ರಟ್ಟಿನ ಡಬ್ಬಿ ಮಡಚುತ್ತಾರೆ. ಮಗನೋ, ಆಗಲೇ ಸತ್ತಿದ್ದಾನೆ. ಸುದ್ದಿ ಹೊತ್ತ ತಂತಿ ಊರಿಗೆ ಬಂದಿದೆ. ಆ ಮನೆಯವರೆಂದರೆ ಅಂಚೆಯವನಿಗೆ ಪ್ರಾಣ. ಅವರಿಗೆ ನೋವಾಗಬಾರದೆಂದು ತಂತಿಯನ್ನು ಕೊಡದೆ ನಾಶಮಾಡಿದ್ದಾನೆ. ಓದುಗರಿಗೆ ಗೊತ್ತು, ತಾಯಿಗೆ ಗೊತ್ತಿಲ್ಲ. ಅವಳು ಡಬ್ಬಿ ಮಡಚುತ್ತಲೇ ಇರುತ್ತಾಳೆ. ಕೊನೆಗೆ ರಟ್ಟು ಕತ್ತರಿಸುವ ಯಂತ್ರದಲ್ಲೇ ತೋತ್ ಆ ಮೇಜರ್‌ನನ್ನು ಕೊಲ್ಲುತ್ತಾನೆ.

ಪರದೇಶದಲ್ಲಿ ದುಡಿಯುವವರಿಗೆ ಈ ಅಂಚೆಯವನನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನಿಂದ ಈ ಮರಳುನಾಡಿಗೆ ಬಂದವರು ಕಾಗದದಲ್ಲಿ ಬರೆದದ್ದೇನು? ನಾನಿಲ್ಲಿ ಆರಾಮ, ಊಟಕ್ಕೆ ತೊಂದರೆಯಿಲ್ಲ. ಕ್ಯಾಸೆಟ್‌ನಲ್ಲಿ ದನಿ ತುಂಬಿ ಊರಿಗೆ ಹೋಗುವವರ ಕೈಗೆ ಕೊಟ್ಟಾಗಲೂ ಅದೇ ಮಾತು. ಊರಿನವರೂ ಅಪ್ಪನ ಕಾಯಿಲೆಯನ್ನು, ಕೆಲವೊಮ್ಮೆ ಸಾವನ್ನೇ, ಮಗನಿಗೆ ರಜೆ ಸಿಗುವವರೆಗೆ ಮುಚ್ಚಿಟ್ಟರು. ಎರಡೂ ಕಡೆ ಪ್ರೀತಿಯೇ ಸುಳ್ಳಾಡಿಸಿತು. ಆ ಪ್ರೀತಿಯ ಬೆಲೆಯನ್ನು ಇಷ್ಟು ನಿಷ್ಠುರವಾಗಿ, ಇಷ್ಟು ಅಂತಃಕರಣದಿಂದ ಬರೆದ ಇನ್ನೊಬ್ಬರನ್ನು ನಾನು ಓದಿಲ್ಲ. 1969ರಲ್ಲಿ ಈ ಕೃತಿಗೆ ಪ್ಯಾರಿಸ್‌ನಲ್ಲಿ ಕರಾಳ ಹಾಸ್ಯದ ಪ್ರಶಸ್ತಿ ಬಂತು. ಅದೇ ವರ್ಷ ಜೊಲ್ತಾನ್ ಫಾಬ್ರಿ ಇದನ್ನು ಸಿನಿಮಾ ಮಾಡಿದರು.

ಇಂಥ ಅಸಂಗತ ಸಾಹಿತ್ಯ ನಮಗೆ ತೀರಾ ಹೊರಗಿನ ಸರಕೂ ಅಲ್ಲ. ಅಲ್ಲಮನ ಬೆಡಗಿನ ವಚನ ಕೇಳಿ ಬೆಳೆದ ಭಾಷೆ ನಮ್ಮದು. ಓರ್ಕೇನಿ ಬರೆಯುತ್ತಿದ್ದ ಕಾಲಕ್ಕೇ ಧಾರವಾಡದಲ್ಲಿ ಕನ್ನಡದ ಕವಿ ಚಂಪಾ 'ಕೊಡೆಗಳು' ಎಂಬ ಅಸಂಗತ ನಾಟಕ ಬರೆದರು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೂ ಹೋದರು.

ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಪ್ರದರ್ಶನ ಮುಗಿಯುವುದರೊಳಗೆ ಇಲ್ಲೊಂದು ಮೇಜು ಇಡಿ. ಯಾರ ಮನೆಯಲ್ಲಿ ಹಳೆಯ ಕಾಗದಗಳು, ಕ್ಯಾಸೆಟ್‌ಗಳು ಉಳಿದಿವೆಯೋ ಅವರು ತರಲಿ. ಅನುಮತಿ ಪಡೆದು ಪ್ರತಿ ಮಾಡಿಸಿಡಿ. ಬರೆದವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ, ತಡಮಾಡಬೇಡಿ.

ಓರ್ಕೇನಿ 1979ರಲ್ಲಿ ತೀರಿಕೊಂಡರು. ಬುಡಾಪೆಸ್ಟ್‌ನಲ್ಲಿ ಇಂದು ಅವರ ಹೆಸರಿನ ರಂಗಮಂದಿರವಿದೆ. ಅವರ ಕಥೆಗಳನ್ನು ದುಬೈಯಲ್ಲಿ ಕನ್ನಡಿಗರ ಮುಂದಿಡುವ ಈ ಪ್ರದರ್ಶನ ಉದ್ಘಾಟನೆಯಾಯಿತೆಂದು ಸಂತೋಷದಿಂದ ಘೋಷಿಸುತ್ತೇನೆ. ಬನ್ನಿ, ಒಳಗೆ ಹೋಗೋಣ.