ಬಾರ್ಬಡೋಸ್ ವೀಸಾ ಮತ್ತು ನಮ್ಮ ಮಕ್ಕಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಬಂದಿರುವ ವಿದ್ಯಾರ್ಥಿಗಳೇ,

ದುಡಿಮೆಗಾಗಿ ಊರು ಬಿಡುವುದು ನಮ್ಮ ಭಾಗಕ್ಕೆ ಹೊಸದಲ್ಲ. ಮಂಗಳೂರು, ಗೋವಾ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳು ನಿಮಗೆಲ್ಲ ಗೊತ್ತು. ಈಚೆಗೆ ಮೊಬೈಲಿನಲ್ಲಿ ಇನ್ನೊಂದು ಚಿತ್ರ ಓಡಾಡುತ್ತಿದೆ. ಕೆರಿಬಿಯನ್ ದ್ವೀಪದ ಸಮುದ್ರ ದಂಡೆ, ತೊಡೆಯ ಮೇಲೆ ಲ್ಯಾಪ್‌ಟಾಪ್, ಡಾಲರಿನಲ್ಲಿ ಸಂಬಳ. ಇಂಥವರಿಗೆ 'ಡಿಜಿಟಲ್ ನೊಮ್ಯಾಡ್' ಎನ್ನುತ್ತಾರೆ. ಇದನ್ನು ನಂಬಿ ಏಜೆಂಟರಿಗೆ ಹಣ ಕೊಡುವ ಮುನ್ನ ಇದರ ನಿಜ ಸ್ವರೂಪವನ್ನು ತಿಳಿಯಬೇಕು.

ಇಂಥ ಯೋಜನೆಗಳಲ್ಲಿ ಹೆಸರಾದದ್ದು ಬಾರ್ಬಡೋಸಿನದು. ನಮ್ಮ ಕುಷ್ಟಗಿ ತಾಲ್ಲೂಕಿಗಿಂತ ಚಿಕ್ಕ ದ್ವೀಪ. ಸೋಬರ್ಸ್ ಹುಟ್ಟಿದ ನಾಡು. 2024ರಲ್ಲಿ ನಮ್ಮವರು ಟಿ-20 ವಿಶ್ವಕಪ್ ಗೆದ್ದದ್ದೂ ಅಲ್ಲೇ. 2020ರಲ್ಲಿ ಕೊರೊನಾದಿಂದ ಪ್ರವಾಸಿಗರು ಬಾರದಿದ್ದಾಗ ಅಲ್ಲಿನ ಸರಕಾರ 'ವೆಲ್‌ಕಮ್ ಸ್ಟಾಂಪ್' ಎಂಬ 12 ತಿಂಗಳ ವೀಸಾ ತಂದಿತು. ವರ್ಷಕ್ಕೆ 50,000 ಅಮೆರಿಕನ್ ಡಾಲರ್ ಆದಾಯ ಇರಬೇಕು, ಅಂದರೆ 40 ಲಕ್ಷ ರೂಪಾಯಿಗೂ ಮೇಲೆ. ಒಬ್ಬರಿಗೆ ಶುಲ್ಕವೇ 2,000 ಡಾಲರ್. ಇದನ್ನು ಪಡೆದವನು ಅಲ್ಲಿನ ಕಂಪನಿಯಲ್ಲಿ ಕೆಲಸಕ್ಕೆ ಸೇರುವಂತಿಲ್ಲ. ಕೆಲಸ ಮೊದಲೇ ಕೈಯಲ್ಲಿರಬೇಕು, ಅದೂ ಹೊರದೇಶದ್ದು. ಈ ವೀಸಾದ ಹೆಸರಲ್ಲಿ ಬಾರ್ಬಡೋಸಿನಲ್ಲಿ ನೌಕರಿ ಕೊಡಿಸುತ್ತೇನೆ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ.

ನೌಕರಿ ಇದ್ದವನಿಗೂ ಅದು ರಜೆಯಲ್ಲ. ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆಯ ಅಂತರ. ಬೆಂಗಳೂರಿನ ಕಚೇರಿ ಬೆಳಿಗ್ಗೆ 10ಕ್ಕೆ ತೆರೆದಾಗ ಅಲ್ಲಿ ನಡುರಾತ್ರಿ ಹನ್ನೆರಡೂವರೆ!

ಹಾಗೆ ನೋಡಿದರೆ ಆ ದ್ವೀಪಕ್ಕೆ ನಮ್ಮ ದೇಶದ ಮುಸಲ್ಮಾನರು ಹೊಸಬರಲ್ಲ. ಗುಜರಾತಿನ ಸೂರತ್ ಕಡೆಯವರು ಕಳೆದ ಶತಮಾನದಲ್ಲೇ ಹೋಗಿ, ಬಟ್ಟೆಗಂಟು ಹೊತ್ತು ಮನೆಮನೆ ಸುತ್ತಿ, ಕಂತಿನ ಮೇಲೆ ಮಾರಿದರು. ಅಂಗಡಿ, ಮಸೀದಿ ಕಟ್ಟಿಕೊಂಡರು. ವ್ಯಾಪಾರದ ವಿದ್ಯೆ ಅವರ ಜೊತೆಯಲ್ಲಿತ್ತು.

ನಿಮ್ಮ ಜೊತೆಯಲ್ಲಿ ಏನಿದೆ? ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕ ಬಲ್ಲವರಿಗೆ, ವೆಬ್‌ಸೈಟ್ ಕಟ್ಟಬಲ್ಲವರಿಗೆ, ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ತಪ್ಪಿಲ್ಲದೆ ಬರೆದು ಅನುವಾದ ಮಾಡಬಲ್ಲವರಿಗೆ ಕೂತಲ್ಲಿಂದಲೇ ಕೆಲಸ ಮಾಡುವ ಅವಕಾಶವಿದೆ. ಅದಕ್ಕೆ ದ್ವೀಪವೇನೂ ಬೇಕಿಲ್ಲ, ಗಂಗಾವತಿಯೇ ಸಾಕು. ಉರ್ದು ನಮ್ಮ ಮನೆಯಲ್ಲಿದೆ, ಕನ್ನಡ ಶಾಲೆಯಲ್ಲಿ ಸಿಕ್ಕಿದೆ. ಎರಡನ್ನೂ ಅರೆಬರೆ ಕಲಿತು ಬಿಡುತ್ತೇವೆ ಎಂಬುದೇ ನನ್ನ ಬೇಸರ.

ನನಗೆ ಹೆಚ್ಚು ಕಾಡುವುದು ಹೆಣ್ಣುಮಕ್ಕಳ ಸಂಗತಿ. ಬಿ.ಕಾಂ., ಬಿ.ಎಸ್ಸಿ. ಮುಗಿಸಿದ ಎಷ್ಟೋ ಮಕ್ಕಳನ್ನು ಬೆಂಗಳೂರಿಗೆ ಕಳಿಸಲು ಮನೆಯವರು ಒಪ್ಪುವುದಿಲ್ಲ. ಪ್ರಮಾಣಪತ್ರ ಟ್ರಂಕಿನಲ್ಲಿ ಉಳಿಯುತ್ತದೆ. ಕಳಿಸಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಆ ವಾದ ಮುಗಿಯುವವರೆಗೆ ಆಕೆ ಕಾಯಬೇಕೇ? ಮನೆಯಿಂದ ಮಾಡುವ ಕೆಲಸಕ್ಕೆ ತಂದೆತಾಯಿ ಒಪ್ಪಿದರೆ ಒಂದು ಮಾತು ನೆನಪಿಡಬೇಕು: ಅದೂ ಕೆಲಸವೇ. ನಡುವೆ ಚಹಾ ಮಾಡು, ಮಗುವನ್ನು ನೋಡು ಎಂದು ಕರೆಯಬಾರದು. ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಲ್ಲಿಯವರಿಗೆ ದುಡಿಯುವ ಮಗಳು ರಾತ್ರಿಯಿಡೀ ಎಚ್ಚರವಿದ್ದರೆ ಬೆಳಿಗ್ಗೆ ಮಲಗಲು ಬಿಡಿ.

ಕೆಲಸ ಕೊಡುವವನು ನಿಮ್ಮಿಂದ ಹಣ ಕೇಳುವುದಿಲ್ಲ. 'ಡೇಟಾ ಎಂಟ್ರಿ'ಗೆ ಠೇವಣಿ ಕೇಳಿದರೆ ಅಲ್ಲಿಗೇ ಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ವಿದೇಶದ ನೌಕರಿಯಾದರೆ ಏಜೆಂಟನಿಗೆ ಕೇಂದ್ರ ಸರಕಾರದ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್‌ನಲ್ಲಿ ನೋಡಿ. ಅವನು ಪಡೆಯಬಹುದಾದ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ.

ಕೊನೆಯದಾಗಿ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ನಾಲ್ಕೂ ಊರುಗಳಲ್ಲಿ ಒಂದೊಂದು ಕೋಣೆ, ಐದಾರು ಕಂಪ್ಯೂಟರ್, ಒಳ್ಳೆಯ ಇಂಟರ್ನೆಟ್, ಕರೆಂಟು ಹೋದರೂ ನಡೆಯುವಂತೆ ಯುಪಿಎಸ್, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ. ಇಷ್ಟನ್ನು ಈ ವರ್ಷದ ಲೆಕ್ಕದಲ್ಲಿ ಸೇರಿಸಿ. ನಾಲ್ಕೂ ಆಗದಿದ್ದರೆ ಯಲಬುರ್ಗಾದಿಂದ ಆರಂಭಿಸಿ; ಅಲ್ಲಿಯ ಮಕ್ಕಳಿಗೆ ಉಳಿದೆಲ್ಲವೂ ದೂರ.