ನಮ್ಮ ನಂತರ ಯಾರು? – ವಿಶೇಷ ಮಕ್ಕಳ ಕುಟುಂಬಗಳಿಗೆ ಸಮಾಜದ ಆಸರೆ

(ಮುಂಬಯಿಯ ಶಾಖಾಮಠದ ಸಭಾಂಗಣದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ತಾವೆಲ್ಲ ಪ್ರತಿವರ್ಷವೂ ವಿದ್ವಾಂಸರ ಮಾತುಗಳನ್ನು ಕೇಳುತ್ತಾ ಬಂದಿದ್ದೀರಿ. ನಾನು ವಿದ್ವಾಂಸನಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ, ಮೂವತ್ತಾರು ವರ್ಷ ರೈಲ್ವೆಯ ಹಳಿಗಳ ಯೋಗಕ್ಷೇಮ ನೋಡಿಕೊಂಡವನು. "ಲೌಕಿಕ ವಿಷಯವಾದರೂ ಚಿಂತೆಯಿಲ್ಲ, ತಮಗೆ ತಿಳಿದಿರುವುದನ್ನು ಹೇಳಿ" ಎಂದು ವ್ಯವಸ್ಥಾಪಕರು ಅಪ್ಪಣೆ ಮಾಡಿದರು. ನನಗೆ ಚೆನ್ನಾಗಿ ತಿಳಿದಿರುವ ವಿಷಯಗಳು ಎರಡೇ. ಒಂದು ರೈಲುಹಳಿ, ಮತ್ತೊಂದು ವಿಶೇಷ ಮಗುವಿರುವ ಮನೆ. ನನ್ನ ಹಿರಿಯ ಮಗಳಿಗೆ ಈಗ ಮೂವತ್ತಮೂರು ವರ್ಷ. ಹುಟ್ಟಿನಿಂದಲೇ ಬೌದ್ಧಿಕ ಬೆಳವಣಿಗೆ ಕುಂಠಿತವಾಗಿರುವ ಮಗು. ಆದ್ದರಿಂದ ಇಂದು ಎರಡನೆಯ ವಿಷಯವನ್ನೇ ಆರಿಸಿಕೊಂಡಿದ್ದೇನೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವೈಕಲ್ಯ ಉಳ್ಳವರ ಸಂಖ್ಯೆ 2.68 ಕೋಟಿ. ಅಂದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಈ ಸಭಾಂಗಣಕ್ಕೆ ಬಂದುಹೋಗುವ ಕುಟುಂಬಗಳಲ್ಲಿಯೂ ಅಂತಹ ಮನೆಗಳು ಇರಲೇಬೇಕು. ಆದರೆ ಆರಾಧನೆಯ ದಿನ ಪಂಕ್ತಿಯಲ್ಲಿ ಆ ಮಕ್ಕಳು ಕಾಣುವುದು ಅಪರೂಪ. ಅವರು ಎಲ್ಲಿದ್ದಾರೆ? ಮನೆಯಲ್ಲಿದ್ದಾರೆ. ಅವರೊಡನೆ ತಾಯಿಯೂ ಮನೆಯಲ್ಲಿಯೇ ಉಳಿದಿದ್ದಾಳೆ.

ಮೊದಲಿಗೆ ನಮ್ಮ ಮಾತಿನ ಬಗ್ಗೆಯೇ ಒಂದು ಮಾತು. ಇಂತಹ ಮಗು ಹುಟ್ಟಿದಾಗ ಬಂದವರು ಹೇಳುವುದು ಸಾಮಾನ್ಯವಾಗಿ ಎರಡು ಬಗೆ. "ಗ್ರಹಣಕಾಲದಲ್ಲಿ ತಾಯಿ ಹೊರಗೆ ಬಂದಿರಬೇಕು" ಎಂಬುದು ಒಂದು. "ಪೂರ್ವಜನ್ಮದ ಕರ್ಮ, ಅನುಭವಿಸಲೇಬೇಕು" ಎಂಬುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯಶಾಸ್ತ್ರ ಉತ್ತರ ಕೊಟ್ಟಿದೆ. ಡೌನ್ ಸಿಂಡ್ರೋಮ್ ಬರುವುದು ಇಪ್ಪತ್ತೊಂದನೆಯ ವರ್ಣತಂತು ಹೆಚ್ಚಾಗಿರುವುದರಿಂದ. ಸೆರೆಬ್ರಲ್ ಪಾಲ್ಸಿ ಬರುವುದು ಹೆರಿಗೆಗೆ ಮೊದಲು, ಹೆರಿಗೆಯ ವೇಳೆ ಅಥವಾ ಅನಂತರ ಎಳೆಯ ಮೆದುಳಿಗೆ ಆಗುವ ಘಾಸಿಯಿಂದ. ಇದರಲ್ಲಿ ಗ್ರಹಣದ ಪಾತ್ರವಿಲ್ಲ, ತಾಯಿಯ ಅಪರಾಧವೂ ಇಲ್ಲ. ಎರಡನೆಯ ಮಾತಿನ ವಿಷಯದಲ್ಲಿ, ಕರ್ಮಸಿದ್ಧಾಂತವನ್ನು ವಿವರಿಸುವ ಅಧಿಕಾರ ನನಗಿಲ್ಲ. ತಿಳಿದವರು ವೇದಿಕೆಯ ಮೇಲಿದ್ದಾರೆ. ಆದರೆ ಹಸಿದು ಬಂದವನಿಗೆ "ಇದು ನಿನ್ನ ಕರ್ಮ" ಎಂದು ನಾವು ಯಾರೂ ಹೇಳುವುದಿಲ್ಲ. ಎಲೆ ಹಾಕಿ ಅನ್ನ ಬಡಿಸುತ್ತೇವೆ. ಬಳಲಿದ ತಾಯಿಯ ಮುಂದೆಯೂ ನಮ್ಮ ಧರ್ಮ ಅದೇ ಆಗಿರಬೇಕೆಂಬುದು ನನ್ನ ವಿನಂತಿ.

ಇನ್ನು ಸಹಾಯದ ವಿಷಯ. ಹಳಿಯ ಮೇಲೆ ಕೀಮ್ಯಾನ್ ಎಂಬ ನೌಕರನಿರುತ್ತಾನೆ. ದೊಡ್ಡ ಇಂಜಿನಿಯರುಗಳು ಟ್ರಾಲಿಯಲ್ಲಿ ಬಂದು ಹೋಗುತ್ತಾರೆ. ಅವನು ಮಾತ್ರ ಸುತ್ತಿಗೆ ಹಿಡಿದು ತನ್ನ ಭಾಗದ ಹಳಿಯನ್ನು ದಿನವೂ ನಡೆದು ನೋಡುತ್ತಾನೆ. ಬಿರುಕು ಮೊದಲು ಕಾಣುವುದು ಅವನಿಗೆ. ಮಗುವಿನ ಬೆಳವಣಿಗೆಯಲ್ಲಿ ಕೀಮ್ಯಾನ್ ಕೆಲಸ ಮಾಡುವವರು ತಾಯಿ ಮತ್ತು ಅಜ್ಜಿ. ಒಂಬತ್ತು ತಿಂಗಳು ಕಳೆದರೂ ಆಧಾರವಿಲ್ಲದೆ ಕುಳಿತುಕೊಳ್ಳದ, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ನಡೆಯದ ಮಗುವನ್ನು "ನಮ್ಮ ವಂಶದಲ್ಲಿ ಎಲ್ಲರೂ ತಡ" ಎಂದು ಬಿಡದೆ ಒಮ್ಮೆ ತೋರಿಸಬೇಕು. ಹೆಚ್ಚಿನ ಸಲ ಏನೂ ಇರಲಾರದು. ಇದ್ದರೆ, ಬೇಗ ತಿಳಿದಷ್ಟೂ ಲಾಭ. ಹುಟ್ಟಿನಿಂದ ಥೈರಾಯಿಡ್ ಕೊರತೆಯಿರುವ ಶಿಶುವಿಗೆ ಮೊದಲ ವಾರಗಳಲ್ಲಿಯೇ ಮಾತ್ರೆ ಆರಂಭಿಸಿದರೆ ಬುದ್ಧಿಯ ಬೆಳವಣಿಗೆ ಉಳಿಯುತ್ತದೆ. ವರ್ಷ ಕಳೆದ ಮೇಲೆ ಕೊಟ್ಟರೆ ಹೋದದ್ದು ಮರಳಿ ಬಾರದು.

ತೋರಿಸುವುದೆಲ್ಲಿ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅದಕ್ಕಾಗಿ ಜಿಲ್ಲಾಮಟ್ಟದಲ್ಲಿ ಶೀಘ್ರ ಹಸ್ತಕ್ಷೇಪ ಕೇಂದ್ರಗಳಿವೆ. ನಮ್ಮ ಮುಂಬಯಿಯಲ್ಲಿ ಹಾಜಿ ಅಲಿಯ ಬಳಿ ಕೇಂದ್ರ ಸರ್ಕಾರದ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆಯಿದೆ. ಬಾಂದ್ರಾದಲ್ಲಿ ವಾಕ್ ಶ್ರವಣದ ಅಲಿ ಯಾವರ್ ಜಂಗ್ ಸಂಸ್ಥೆಯಿದೆ. ಸಿಕಂದರಾಬಾದಿನಲ್ಲಿ ಬೌದ್ಧಿಕ ವೈಕಲ್ಯದ, ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಬಹುವೈಕಲ್ಯದ ರಾಷ್ಟ್ರೀಯ ಸಂಸ್ಥೆಗಳಿವೆ. ಊರಿಗೆ ಹೋದಾಗ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಪರಸ್ಥಳದಲ್ಲಿರುವ ಕನ್ನಡಿಗರನ್ನು ವಿಶೇಷವಾಗಿ ಕಾಡುವ ಪ್ರಶ್ನೆ ಭಾಷೆಯದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. "ಮಗುವಿಗೆ ಗೊಂದಲವಾಗುತ್ತದೆ, ಕನ್ನಡ ಬಿಟ್ಟುಬಿಡಿ" ಎಂದು ನಮಗೂ ಒಬ್ಬರು ಹೇಳಿದ್ದರು. ನನ್ನ ಪತ್ನಿ ಒಪ್ಪಲಿಲ್ಲ. ಅಜ್ಜಿಯೊಡನೆ ಮಾತನಾಡುವ ಭಾಷೆಯನ್ನೇ ಕಿತ್ತುಕೊಂಡರೆ ಮಗು ಯಾರೊಡನೆ ಮಾತನಾಡಬೇಕು ಎಂದು ಕೇಳಿದಳು. ಡೌನ್ ಸಿಂಡ್ರೋಮ್ ಹಾಗೂ ಆಟಿಸಂ ಇರುವ ಮಕ್ಕಳ ಮೇಲೆ ನಡೆದಿರುವ ಅಧ್ಯಯನಗಳೂ ಎರಡು ಭಾಷೆ ಕೇಳುವುದರಿಂದ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲವೆಂದೇ ಹೇಳುತ್ತವೆ. ಆದ್ದರಿಂದ ಮನೆಯ ಮಾತನ್ನು ಬಿಡುವ ಅಗತ್ಯವಿಲ್ಲ.

ಈಗ ಕಾಗದಪತ್ರಗಳು. ಇದು ನೀರಸ ವಿಷಯ, ಆದರೆ ಮನೆ ನಿಲ್ಲುವುದು ಇದರ ಮೇಲೆಯೇ. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿಗೆ ಮಾತ್ರ ಸ್ಥಾನವಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಅವು ಇಪ್ಪತ್ತೊಂದಾದವು. ಆಟಿಸಂ, ಕಲಿಕಾ ನ್ಯೂನತೆ, ಥಲಸ್ಸೀಮಿಯಾ ಮುಂತಾದವು ಸೇರಿದವು.

ಮೊದಲನೆಯದಾಗಿ, ಯು.ಡಿ.ಐ.ಡಿ. ಕಾರ್ಡನ್ನು ಮಾಡಿಸಿಕೊಳ್ಳಬೇಕು. ಉಳಿದ ಸೌಲಭ್ಯಗಳಿಗೆಲ್ಲ ಅದೇ ಬಾಗಿಲು. "ಮಗುವಿಗೆ ಮುದ್ರೆ ಬೀಳುತ್ತದೆ" ಎಂದು ಹಿಂಜರಿಯುವ ತಂದೆತಾಯಿಗಳು ನಮ್ಮಲ್ಲಿ ಬಹಳ. ಕಾರ್ಡ್ ಬೀರುವಿನಲ್ಲಿ ಇರುತ್ತದೆಯೇ ಹೊರತು ಮಗುವಿನ ಹಣೆಯ ಮೇಲಲ್ಲ.

ಎರಡನೆಯದಾಗಿ, ಶಾಲೆ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಕುಟುಂಬದ್ದು.

ಮೂರನೆಯದಾಗಿ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಈ ನಾಲ್ಕಕ್ಕೆ ಇದು ಅನ್ವಯ. ಇದರ 'ನಿರಾಮಯ' ಯೋಜನೆಯಲ್ಲಿ ಸಣ್ಣ ವಂತಿಗೆ ಕಟ್ಟಿದರೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯುಂಟು. ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ನಾಲ್ಕನೆಯದು ನನ್ನ ಇಲಾಖೆಯದೇ. 2020ರ ಮಾರ್ಚ್‌ನಲ್ಲಿ ರೈಲ್ವೆಯ ಹಲವು ರಿಯಾಯಿತಿಗಳು ನಿಂತರೂ ವಿಕಲಚೇತನರದು ಮುಂದುವರಿಯಿತು. ಬೆಂಗಾವಲಿಲ್ಲದೆ ಪ್ರಯಾಣ ಮಾಡಲಾಗದ ಬೌದ್ಧಿಕ ವೈಕಲ್ಯದವರಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎ.ಸಿ.ಯಲ್ಲಿ ಶೇಕಡಾ 75 ರಿಯಾಯಿತಿ. ಜೊತೆಗಿರುವ ಒಬ್ಬರಿಗೂ ಅಷ್ಟೇ.

ಐದನೆಯದನ್ನು ಕೇಂದ್ರ ಸರ್ಕಾರದ, ರೈಲ್ವೆಯ ನಿವೃತ್ತರು ಗಮನವಿಟ್ಟು ಕೇಳಬೇಕು. ಸಾಮಾನ್ಯವಾಗಿ ಮಕ್ಕಳಿಗೆ ಕುಟುಂಬ ಪಿಂಚಣಿ ಇಪ್ಪತ್ತೈದು ವರ್ಷಕ್ಕೆ ನಿಲ್ಲುತ್ತದೆ. ಸ್ವಂತ ಜೀವನೋಪಾಯ ಸಾಧ್ಯವಿಲ್ಲದ ವಿಕಲಚೇತನ ಮಗನಿಗೆ ಅಥವಾ ಮಗಳಿಗೆ, ನಿಯಮಗಳಿಗೆ ಒಳಪಟ್ಟು, ಅದು ಆಜೀವ ದೊರೆಯುತ್ತದೆ. ಆದಾಯದ ಮಿತಿಯನ್ನೂ 2021ರಲ್ಲಿ ಸಡಿಲಿಸಿದ್ದಾರೆ. ತಂದೆತಾಯಿ ಬದುಕಿರುವಾಗಲೇ ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಆ ಮಗುವಿನ ಹೆಸರನ್ನು ಪಿಂಚಣಿ ಆದೇಶದಲ್ಲಿ ಸೇರಿಸಿಡಬಹುದು. ನಾನು ಸೇರಿಸಿಟ್ಟಿದ್ದೇನೆ. ಆ ಕಾಗದ ಕೈಗೆ ಬಂದ ರಾತ್ರಿ ನಾವಿಬ್ಬರೂ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ರಿಸಿದೆವು.

ಆರನೆಯದು ಪಾಲಕತ್ವ. ಮಗುವಿಗೆ ಹದಿನೆಂಟು ತುಂಬಿದೊಡನೆ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿಯ ಸಹಜ ಪಾಲಕತ್ವ ಮುಗಿಯುತ್ತದೆ. ಬ್ಯಾಂಕ್, ಆಸ್ತಿ, ಸಹಿ ಎಂದ ಕೂಡಲೇ ಇದು ಎದುರಾಗುತ್ತದೆ. ಆಗ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲೆಯ ಸ್ಥಾನಿಕ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಇವರು ಆ ಸಮಿತಿಯಲ್ಲಿರುತ್ತಾರೆ. ನೇಮಕವಾದ ಪಾಲಕನು ಆಸ್ತಿಯ ಪಟ್ಟಿಯನ್ನು ಆರು ತಿಂಗಳೊಳಗೆ, ಲೆಕ್ಕವನ್ನು ವರ್ಷವರ್ಷವೂ ಒಪ್ಪಿಸಬೇಕು. ಇದು ಮಗುವಿನ ರಕ್ಷಣೆಗಾಗಿಯೇ ಮಾಡಿದ ವ್ಯವಸ್ಥೆ.

ಬಂಧುಗಳೇ, ಇವೆಲ್ಲ ಸರ್ಕಾರ ಕೊಡುವಂಥವು. ಸರ್ಕಾರ ಕೊಡಲಾರದ್ದು ಒಂದಿದೆ, ಅದು ಬಿಡುವು. ಇಪ್ಪತ್ತು ವರ್ಷಗಳ ಕಾಲ ನಾನೂ ನನ್ನ ಪತ್ನಿಯೂ ಒಂದೇ ಮದುವೆಗೆ ಒಟ್ಟಿಗೆ ಹೋದದ್ದಿಲ್ಲ. ಆರಾಧನೆಯ ಮೂರು ದಿನಗಳಲ್ಲಿಯೂ ಒಬ್ಬರು ಮಠದಲ್ಲಿದ್ದರೆ ಇನ್ನೊಬ್ಬರು ಮನೆಯಲ್ಲಿ. ಒಮ್ಮೆ ಮಗಳನ್ನು ಒಂದು ಸಮಾರಂಭಕ್ಕೆ ಕರೆದುಕೊಂಡು ಹೋದಾಗ, ಅವಳು ಗಟ್ಟಿಯಾಗಿ ನಕ್ಕಳೆಂದು ಹಿಂದಿನ ಸಾಲಿಗೆ ಹೋಗುವಂತೆ ಹೇಳಿದರು. ಹಿಂದಿನ ಸಾಲಿನಲ್ಲಿಯೂ ಅವಳು ನಕ್ಕಳು. ನಾವು ಎದ್ದು ಬಂದೆವು. ಯಾರ ಮೇಲೂ ದೂರಿಲ್ಲ. ಆದರೆ ಹೀಗೆ ಎದ್ದು ಹೋದ ಕುಟುಂಬ ಮತ್ತೆ ತಾನಾಗಿ ಬರುವುದಿಲ್ಲ, ಹೋಗಿ ಕರೆತರಬೇಕು.

ಈ ಶಾಖೆಯಿಂದ ಮಾಡಬಹುದಾದ ಕೆಲಸಗಳನ್ನು ಇಂಜಿನಿಯರನ ಅಂದಾಜುಪಟ್ಟಿಯಂತೆ ಹೇಳುತ್ತೇನೆ. ದೊಡ್ಡ ಖರ್ಚಿನವು ಒಂದೂ ಇಲ್ಲ.

ಒಂದು, ತಿಂಗಳಿಗೊಮ್ಮೆ ಭಾನುವಾರ ಸಂಜೆ ಈ ಸಭಾಂಗಣದಲ್ಲಿ ಇಂತಹ ತಂದೆತಾಯಿಗಳು ಸೇರಲು ಅವಕಾಶ. ಯಾವ ಥೆರಪಿಸ್ಟ್ ಒಳ್ಳೆಯವರು, ಯಾವ ಕಛೇರಿಯಲ್ಲಿ ಯಾವ ದಿನ ವೈದ್ಯರು ಸಿಗುತ್ತಾರೆ ಎಂಬುದು ಅನುಭವಸ್ಥರಿಗೇ ಗೊತ್ತು. ಇಂತಹ ಪೋಷಕರ ಸಂಘಗಳು ದೇಶದ ಅನೇಕ ನಗರಗಳಲ್ಲಿವೆ.

ಎರಡು, ಅರ್ಜಿ ತುಂಬಿಸಿಕೊಡುವ ಮೇಜು. ಬ್ಯಾಂಕ್, ರೈಲ್ವೆ, ಅಂಚೆ ಇಲಾಖೆಗಳಿಂದ ನಿವೃತ್ತರಾದ ಎಷ್ಟು ಮಂದಿ ಇಲ್ಲಿ ಕುಳಿತಿದ್ದೀರಿ! ಜೀವನವಿಡೀ ನಮೂನೆಗಳನ್ನು ತುಂಬಿದ ಕೈಗಳಿವು. ವಾರಕ್ಕೆ ಎರಡು ಗಂಟೆ ಸಾಕು.

ಮೂರು, ಬಿಡುವಿನ ಸೇವೆ. ತಿಂಗಳಿಗೆರಡು ಸಲ, ಎರಡು ಗಂಟೆ ಮಗುವಿನೊಡನೆ ಕುಳಿತುಕೊಳ್ಳುವುದು. ಆದರೆ ಕಟ್ಟುನಿಟ್ಟಾದ ನಿಯಮ ಬೇಕು: ಒಬ್ಬರೇ ಹೋಗಕೂಡದು, ಇಬ್ಬರು ಪರಿಚಿತರೇ ಇರಬೇಕು, ಊಟ, ಔಷಧಿ, ಫಿಟ್ಸ್ ಬಂದರೆ ಏನು ಮಾಡಬೇಕೆಂಬುದನ್ನು ತಾಯಿಯಿಂದ ಬರೆಸಿಕೊಳ್ಳಬೇಕು.

ನಾಲ್ಕು, ಇಳಿಜಾರು ದಾರಿ. ನಮ್ಮ ಸಭಾಂಗಣಕ್ಕೆ ಆರು ಮೆಟ್ಟಿಲುಗಳಿವೆ, ಒಟ್ಟು ಎತ್ತರ 900 ಮಿಲಿಮೀಟರ್. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರು ಬೇಕು. ಅಂದರೆ ಸುಮಾರು 10.8 ಮೀಟರ್ ಉದ್ದ, ನಡುವೆ ಒಂದು ಸಮತಟ್ಟಾದ ತಂಗುತಾಣ, ಎರಡೂ ಬದಿಗೆ ಹಿಡಿಕಂಬಿ. ಪಕ್ಕದ ಗೋಡೆಯ ಗುಂಟ ಜಾಗವಿದೆ, ಅಳೆದು ನೋಡಿದ್ದೇನೆ. ನಕಾಶೆಯನ್ನು ನಾನೇ ಬರೆದುಕೊಡುತ್ತೇನೆ. ಇದು ಹಿರಿಯರ ಮೊಣಕಾಲಿಗೂ ಉಪಕಾರ.

ಐದು, ಉತ್ಸವದ ದಿನ ಗದ್ದಲದಿಂದ ದೂರವಾದ ಒಂದು ಕೊಠಡಿ. ಆಟಿಸಂ ಇರುವ ಮಗುವಿಗೆ ಜಾಗಟೆಯ ಸದ್ದು ಸಹಿಸಲಾಗದೆ ಹೋಗಬಹುದು. ಸ್ವಲ್ಪ ಹೊತ್ತು ಅಲ್ಲಿದ್ದು ಮತ್ತೆ ಬರುವಂತಾದರೆ ಕುಟುಂಬ ಹಿಂದಿರುಗಿ ಹೋಗಬೇಕಾಗುವುದಿಲ್ಲ. ಜೊತೆಗೆ ಮೊದಲ ಪಂಕ್ತಿಯಲ್ಲಿ ಇವರಿಗೆ ನಾಲ್ಕು ಎಲೆ.

ಕೊನೆಯದಾಗಿ, ಅಂತಹ ಪ್ರತಿಯೊಂದು ಮನೆಯಲ್ಲಿಯೂ ರಾತ್ರಿ ದೀಪ ಆರಿದ ಮೇಲೆ ಏಳುವ ಪ್ರಶ್ನೆ: ನಮ್ಮ ನಂತರ ಯಾರು? ನನ್ನ ಮಗ ಪುಣೆಯಲ್ಲಿದ್ದಾನೆ, ಸೊಸೆಯೂ ಒಳ್ಳೆಯವಳು. ಅಕ್ಕನನ್ನು ನೋಡಿಕೊಳ್ಳುತ್ತೇನೆಂದು ಅವನು ಹೇಳುತ್ತಾನೆ. ಆದರೆ ಒಬ್ಬ ತಮ್ಮನ ಹೆಗಲ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಪಿಂಚಣಿ, ಪಾಲಕತ್ವ, ಉಯಿಲು ಇವು ಅಗತ್ಯ, ಆದರೆ ಇವಷ್ಟರಿಂದಲೇ ಆಗದು. ನನ್ನ ಮಗಳಿಗೆ ಹೂ ಕಟ್ಟಲು ಬರುತ್ತದೆ. ನಿಧಾನ, ಆದರೆ ಗಂಟು ಸಡಿಲವಿರುವುದಿಲ್ಲ. ಹಳಿ ದುರಸ್ತಿಯಲ್ಲಿರುವ ಕಡೆ ನಾವು ಗಾಡಿಯನ್ನು ರದ್ದುಮಾಡುವುದಿಲ್ಲ, ವೇಗ ತಗ್ಗಿಸಿ ನಡೆಸುತ್ತೇವೆ. ಅವಳನ್ನು ಹೆಸರು ಹಿಡಿದು ಕರೆಯುವ, "ಇಂದು ಯಾಕೆ ಬರಲಿಲ್ಲ" ಎಂದು ವಿಚಾರಿಸುವ ಹತ್ತು ಮನೆಗಳಿದ್ದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಮುಂದಿನ ಭಾನುವಾರ ಸಂಜೆ ಐದು ಗಂಟೆಗೆ ನಾನೂ ನನ್ನ ಪತ್ನಿಯೂ ಮಗಳೊಡನೆ ಇಲ್ಲಿರುತ್ತೇವೆ. ಬರುವವರು ತಮ್ಮ ಮಕ್ಕಳನ್ನು ಕರೆತರಲಿ. ಮಕ್ಕಳು ನಗಲಿ, ಕೂಗಲಿ, ಓಡಾಡಲಿ. ಯಾರನ್ನೂ ಹಿಂದಿನ ಸಾಲಿಗೆ ಕಳುಹಿಸುವುದಿಲ್ಲ.