ಹಿಡಿದುದನ್ನು ಬಿಡುವ ಬಗೆ

ಅಧ್ಯಕ್ಷರೆ, ಛತ್ರಪತಿ ಸಂಭಾಜಿನಗರದ ಕನ್ನಡ ಬಂಧುಗಳೆ, ಈ ವಿಜ್ಞಾನ ಪ್ರದರ್ಶನವನ್ನು ಕೈಯಾರೆ ಕಟ್ಟಿದ ಮಕ್ಕಳೆ,

ನಾನಾ ಶಾಸ್ತ್ರಗಳ ಮಾದರಿಗಳು ಇಲ್ಲಿರುವುವಾದರೂ, ನಲವತ್ತು ವರ್ಷ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಿದ ನಾನು ಚೆನ್ನಾಗಿ ಬಲ್ಲುದು ಸ್ನಾಯುವೊಂದನ್ನೇ ಆದುದರಿಂದ, ಅದನ್ನು ಕುರಿತೇ ಮಾತನಾಡಲು ಅಪ್ಪಣೆ ಬೇಡುತ್ತೇನೆ.

ನನ್ನ ತಂದೆಯವರು ನಾಸಿಕ ರೋಡಿನ ನೋಟಿನ ಮುದ್ರಣಾಲಯದಲ್ಲಿ ನೌಕರಿಗೆ ಸೇರಿದ ವರ್ಷ, ಧಾರವಾಡದಿಂದ ಆಗತಾನೆ ಬಂದ ಹತ್ತು ವರುಷದ ನನ್ನನ್ನು ಗೋದಾವರಿಯ ದಡದ ವ್ಯಾಯಾಮಶಾಲೆಯೊಂದಕ್ಕೆ ಕಳುಹಿದರು. ಎರಡನೆಯ ಬಾಜೀರಾವ್ ಪೇಶ್ವೆಯ ವ್ಯಾಯಾಮಗುರುಗಳಾಗಿದ್ದ ಬಾಳಂಭಟ್ಟ ದಾದಾ ದೇವಧರರು ಪುನರುಜ್ಜೀವನಗೊಳಿಸಿದ ಮಲ್ಲಕಂಬವು ಅಲ್ಲಿಯ ನಿತ್ಯದ ಅಭ್ಯಾಸವಾಗಿತ್ತು. ಹಗ್ಗದ ಮಲ್ಲಕಂಬವನ್ನೇರುವಾಗ ನಾನು ಭಯದಿಂದ ಎರಡು ಕೈಗಳಲ್ಲಿಯೂ ಹಗ್ಗವನ್ನು ಅವುಚಿಕೊಂಡು, ಮುಂಗೈ ನಡುಗುವವರೆಗೂ ನಡುವಿನಲ್ಲಿಯೇ ನೇತಾಡುತ್ತಿದ್ದೆನು. ಗುರುಗಳು ಕೆಳಗೆ ನಿಂತು, ‘ಸೋಡ್, ಬಾಳಾ! ಸೋಡ್, ಮಗ್ ಧರ್!’ ಎಂದು ಕೂಗುತ್ತಿದ್ದರು. ಬಿಡು ಮಗು, ಬಿಟ್ಟು ಆಮೇಲೆ ಹಿಡಿ ಎಂಬ ಆ ಮರಾಠಿಯ ಮಾತು ಸ್ನಾಯುವಿನ ಸೂತ್ರವೇ ಎಂಬುದು ನನಗೆ ತಿಳಿದುದು ಹದಿನೈದು ವರ್ಷಗಳ ತರುವಾಯ.

ಸ್ನಾಯುವಿನೊಳಗಿನ ಪ್ರೋಟೀನೊಂದಕ್ಕೆ ಮಯೋಸಿನ್ ಎಂಬ ಹೆಸರನ್ನು ಜರ್ಮನಿಯ ಕ್ಯೂನೆ ಅವರು ಇಟ್ಟುದು 1864ರಲ್ಲಿ. ಅದರ ಸಂಗಾತಿಯಾದ ಆಕ್ಟಿನ್ನನ್ನು ಹಂಗೇರಿಯ ಸೆಗೆಡ್ ನಗರದಲ್ಲಿ, ಸೆಂಟ್ ಜ್ಯೋರ್ಜಿಯವರ ಪ್ರಯೋಗಶಾಲೆಯಲ್ಲಿ, ಸ್ಟ್ರೌಬ್ ಅವರು ಬೇರ್ಪಡಿಸಿದುದು ಮಹಾಯುದ್ಧದ ನಡುವೆ, 1942ರಲ್ಲಿ. ಮಯೋಸಿನ್ನಿನ ತಲೆಯು ಆಕ್ಟಿನ್ನಿನ ಎಳೆಯನ್ನು ಹಿಡಿದು, ಬಾಗಿ, ಹತ್ತು ನ್ಯಾನೊಮೀಟರಿನ ಆಸುಪಾಸಿನಷ್ಟು ಎಳೆಯುವುದು. ಆದರೆ ಎಳೆದ ಮೇಲೆ ತಾನಾಗಿ ಬಿಡದು. ಭೀಮವರದಲ್ಲಿ ಹುಟ್ಟಿದ ನಮ್ಮ ಯಲ್ಲಾಪ್ರಗಡ ಸುಬ್ಬರಾಯರು ಬಾಸ್ಟನ್ನಿನಲ್ಲಿ ಫಿಸ್ಕ್ ಅವರೊಡನೆ ದುಡಿದು 1929ರಲ್ಲಿ ಲೋಕಕ್ಕೆ ತಿಳಿಸಿದ ಎಟಿಪಿ ಎಂಬ ಪದಾರ್ಥದ ಹೊಸ ಅಣುವೊಂದು ಬಂದು ಆ ತಲೆಯ ಗುಳಿಯಲ್ಲಿ ಕುಳಿತಾಗಲೇ ಹಿಡಿತ ಸಡಿಲುವುದು. ಬಿಡುಗಡೆ ಹೊಂದಿದ ತಲೆಯು ಆ ಅಣುವನ್ನು ಒಡೆದು, ಹೆದೆಯೇರಿಸಿದ ಬಿಲ್ಲಿನಂತೆ ಸಜ್ಜಾಗಿ, ಎಳೆಯ ಮುಂದಿನ ನೆಲೆಯನ್ನು ಹಿಡಿಯುವುದು. ಪ್ರಾಣ ಹೋದ ದೇಹದಲ್ಲಿ ಎಟಿಪಿ ತೀರಿತೆಂದರೆ ತಲೆಗಳು ಹಿಡಿದಲ್ಲಿಯೇ ಕಚ್ಚಿ ನಿಲ್ಲುವುವು. ಹೆಣ ಸೆಟೆಯುವುದು ಈ ಕಾರಣದಿಂದ.

ನನ್ನನ್ನು ಬಹುಕಾಲದಿಂದ ಬಾಧಿಸುತ್ತಿರುವ ಸಂಗತಿಯೂ ಇದೇ. ಪರೀಕ್ಷಕನಾಗಿ ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಎಟಿಪಿಯು ಎಳೆಯಲು ಶಕ್ತಿ ಕೊಡುವುದೆಂದು ಬರೆಯದವರಿಲ್ಲ, ಬಿಡುವುದಕ್ಕೂ ಅದೇ ಬೇಕೆಂದು ಬರೆದವರು ಅತಿ ವಿರಳ. ಮಕ್ಕಳನ್ನು ದೂರಲಾರೆ, ಚಲಿಸುವ ವಸ್ತುವನ್ನು ನಿಶ್ಚಲ ಚಿತ್ರದಲ್ಲಿ ತೋರಿಸಿ, ಹೆಸರುಗಳನ್ನು ಬಾಯಿಪಾಠ ಮಾಡಿಸಿ ತೃಪ್ತರಾದವರು ನಾವು ಅಧ್ಯಾಪಕರು. ಇಲ್ಲಿಂದ ಮೂವತ್ತು ಕಿಲೋಮೀಟರು ದೂರದ ಎಲ್ಲೋರದಲ್ಲಿ, ರಾಷ್ಟ್ರಕೂಟ ಕೃಷ್ಣನು ಕಡೆಯಿಸಿದ ಕೈಲಾಸನಾಥ ದೇವಾಲಯದ ಶಿಲ್ಪವನ್ನು ತಾವೆಲ್ಲರೂ ಕಂಡವರೇ ಅಷ್ಟೆ: ಪರ್ವತವನ್ನೆತ್ತಲು ಬಲವಿದ್ದ ರಾವಣನಿಗೆ, ಅದರಡಿ ಸಿಲುಕಿದ ತೋಳುಗಳನ್ನು ಬಿಡಿಸಿಕೊಳ್ಳುವ ಬಲ ಉಳಿಯಲಿಲ್ಲ. ತರಗತಿಗಳನ್ನು ಅಲ್ಲಿಗೆ ಕರೆದೊಯ್ದು ಆ ತೋಳುಗಳ ಮುಂದೆಯೇ ಈ ಪಾಠವನ್ನು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ನಿನ್ನೆ ಸಂಜೆ ಇಲ್ಲಿ ಮೇಜುಗಳನ್ನು ಜೋಡಿಸುತ್ತಿದ್ದಾಗ, ರಟ್ಟಿನ ಮಯೋಸಿನ್ ತಲೆಗಳನ್ನು ಮುತ್ತಿನ ಸರದಂತಹ ಆಕ್ಟಿನ್ ಎಳೆಗೆ ಗೋಂದಿನಿಂದ ಅಂಟಿಸಿದ ಮಾದರಿಯೊಂದನ್ನು ಕಂಡೆನು. ಅದರ ಅಂದವನ್ನೂ ಶ್ರಮವನ್ನೂ ಮನಸಾರೆ ಮೆಚ್ಚಿದೆನು. ಆದರೆ ಗೋಂದು ಬಿಡುವುದಿಲ್ಲ, ಮಕ್ಕಳೆ. ರವಿಕೆಗೆ ಹಚ್ಚುವ ಟಿಚ್ ಬಟನ್ ಹಿಡಿಯುವುದು, ಎಳೆದರೆ ಬಿಡುವುದು, ಮುಂದಿನ ಗುಂಡಿಯನ್ನು ಮತ್ತೆ ಹಿಡಿಯುವುದು. ಇಂದು ಗುಲ್ಮಂಡಿಯಲ್ಲಿ ಕೊಂಡ ಎರಡು ಡಜನ್ ಬಟನ್‌ಗಳು ನನ್ನ ಜೇಬಿನಲ್ಲಿವೆ. ದೀಪ ಬೆಳಗಿದೊಡನೆ ನಿಮ್ಮ ಮೇಜಿನ ಬಳಿಗೆ ಬರುತ್ತೇನೆ. ಸೂಜಿದಾರವನ್ನೂ ಕತ್ತರಿಯನ್ನೂ ಸಿದ್ಧವಾಗಿ ಇಟ್ಟಿರಿ.